ಪಮುಜಿ ಕೇಳಿದ ಎರಡು ಕ್ಷಮೆ

ಬೆಳಗಿನ ನಮಾಜು ಮುಗಿಸಿ ಬಂದ ಪಾಕ್ ಸರ್ಪಾನ್ ತಲೆಯ ಮೇಲಿನ ಕಪ್ಪು ಟೋಪಿಯನ್ನೂ ತೆಗೆಯದೆ ಸ್ಟೇರಿಂಗ್ ಹಿಡಿದು ಕೂತಿದ್ದಾರೆ. ಗುಡ್ಡಗಳ ನಡುವಿನ ನಮ್ಮೂರು ಮಲಾಂಗ್‌ನ ಚಳಿಗೆ ಹೆಗಲಿನ ಸುತ್ತ ಸರೋಂಗ್ ಪಂಚೆ ಹೊದ್ದಿದ್ದಾರೆ. ಎದುರಿನ ಕಂಪ್ಯೂಟರಿನಲ್ಲಿ ಸುರಬಾಯಾಕ್ಕೆ ಹೊರಟ ಹಸಿರು ಬಸ್ಸು ನಿಲ್ದಾಣ ಬಿಡುತ್ತಿದೆ. ನಿಜವಾದ ಬಸ್ಸನ್ನು ಅದೇ ದಾರಿಯಲ್ಲಿ ಜೀವಮಾನವಿಡೀ ಓಡಿಸಿ ನಿವೃತ್ತರಾದವರು ಇವರು; ಹಿರಿಯರಾದ್ದರಿಂದ ಎಲ್ಲರೂ 'ಪಾಕ್', ಅಂದರೆ ಅಪ್ಪ, ಎನ್ನುತ್ತಾರೆ. ಈಗ ದಿನಾ ಬೆಳಿಗ್ಗೆ ಆಟದ ಬಸ್ಸನ್ನು ಓಡಿಸುತ್ತಾರೆ, ಅದನ್ನು ಲೈವ್ ಬಿಡುತ್ತಾರೆ. ಹಾಂಗ್‌ಕಾಂಗ್‌ನ ಮನೆಗೆಲಸಕ್ಕೆ, ತೈವಾನಿನ ಕಾರ್ಖಾನೆಗೆ ಹೋದ ನಮ್ಮೂರ ಹೆಣ್ಣುಮಕ್ಕಳು ಕೆಲಸಕ್ಕೆ ಹೊರಡುವ ಮುಂಚೆ ಇವರ ಬಸ್ಸು ಹತ್ತಿ ಊರಿನ ದಾರಿ ನೋಡುತ್ತಾರೆ.

"ನೋಡು ಲೇ, ನನ್ನ ಪರದೆಯಲ್ಲಿ ನೆಟ್ಟಗೆ ಹೋಗುತ್ತೆ. ಜನಕ್ಕೆ ಮಾತ್ರ ಕಪ್ಪೆ ಥರ ಕುಪ್ಪಳಿಸುತ್ತೆ. ನಿನ್ನೆ ಹಾಂಗ್‌ಕಾಂಗ್‌ನಿಂದ ಒಬ್ಬಳು ಬರೆದಿದ್ದಾಳೆ, 'ಅಜ್ಜ, ವಾಂತಿ ಬರ್ತಿದೆ' ಅಂತ!"

ಮೇಜಿನ ಕೆಳಗಿನಿಂದ ಉತ್ತರ ಬರುತ್ತದೆ. "ನಿಜವಾದ ಬಸ್ಸಲ್ಲೂ ಹಾಗೇ ಅಂತಿದ್ರಂತಲ್ಲ, ಪಾಕ್?"

"ಹೊರಗೆ ಬಾ, ಹೇಳ್ತೀನಿ ನಿನಗೆ!"

ಮೇಜಿನ ಕೆಳಗೆ ಎರಡು ಪಾದಗಳು ಮಾತ್ರ ಕಾಣುತ್ತಿವೆ. ಅವು ಪಮುಜಿಯವು. ಮೂವತ್ತು ದಾಟಿದ, ಸಣಕಲು ಮೈಯ, ಮುಖಕ್ಕೆ ಬಟ್ಟೆಯ ಮಾಸ್ಕ್ ಕಟ್ಟಿಕೊಂಡ ಗಂಡಸು. ಕಂಪ್ಯೂಟರಿನಲ್ಲಿ ಆಟ ಆಡಿ ಅದನ್ನು ರೆಕಾರ್ಡ್ ಮಾಡುವವರು, ಲೈವ್ ಬಿಡುವವರು ನಮ್ಮ ಗಲ್ಲಿಗಳಲ್ಲಿ ಮನೆಗೊಬ್ಬರಂತೆ ಇದ್ದಾರೆ. ಅವರ ವಿಡಿಯೊ ತಡೆದು ತಡೆದು ಬರತೊಡಗಿದರೆ ಕರೆ ಹೋಗುವುದು ಪಮುಜಿಗೆ. ದಿನಕ್ಕೆ ಮೂರ್ನಾಲ್ಕು ಮನೆ ಸುತ್ತುತ್ತಾನೆ. ನಾವು ನೋಡುವ ವಿಡಿಯೊಗಳ ಕೊನೆಯಲ್ಲಿ ಎಷ್ಟೋ ಹೆಸರುಗಳು ಬರುತ್ತವೆ. ಇವನ ಹೆಸರು ಎಲ್ಲೂ ಇರುವುದಿಲ್ಲ.

ಅವನು ಎದ್ದು ಕೂತು ಮೌಸ್ ಹಿಡಿಯುತ್ತಾನೆ. ರೋಗ ಏನೆಂದು ಕೇಳುತ್ತೇನೆ. "ಒಬ್ಬಳೇ ಅಡುಗೆಯವಳು ಅಂದ್ಕೊಳ್ಳಿ" ಎನ್ನುತ್ತಾನೆ. "ಒಲೆ ಮುಂದೆ ಕೂತು ತನ್ನ ಕೈಲಾದಷ್ಟು ಬೇಗಬೇಗ ಎಣ್ಣೇಲಿ ಸೋಯಾ ತೆಂಪೆ ಬಿಲ್ಲೆ ಕರೀತಾನೇ ಇದ್ದಾಳೆ. ಒಲೆ ಪಕ್ಕ ಕೂತೋರಿಗೆ ಬಿಸಿಬಿಸಿ ಸಿಗುತ್ತೆ. ಹೊರಗೆ ಜಗಲಿಲಿ ಕೂತೋರಿಗೆ ಬಡಿಸೋಕೆ ಅವಳಿಗೆ ಕೈ ಬಿಡುವಿಲ್ಲ. ಬಿಟ್ಟು ಬಿಟ್ಟು ಹೋಗುತ್ತೆ. ಗ್ರಾಫಿಕ್ಸ್ ಕಾರ್ಡೂ ಹಾಗೇ. ಆಟದ ಚಿತ್ರಗಳನ್ನ ಬರೆಯೋದ್ರಲ್ಲೇ ಅದರ ಶಕ್ತಿಯೆಲ್ಲ ಹೋಗ್ತಿದೆ. ರೆಕಾರ್ಡಿಂಗ್‌ಗೆ ಏನೂ ಉಳಿದಿಲ್ಲ."

ಆಟದ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ಇಷ್ಟೇ ಚಿತ್ರ ಸಾಕು ಎಂದು ಮಿತಿ ಹಾಕುತ್ತಾನೆ. ವೈಫೈ ಬಿಡಿಸಿ ಕೇಬಲ್ ಹಾಕಿದ್ದಾಗಿದೆ. ತುಂಬಿ ತುಳುಕುತ್ತಿರುವ ಹಳೆಯ ಡಿಸ್ಕಿಗೆ ರೆಕಾರ್ಡಿಂಗ್ ಹೋಗುತ್ತಿದ್ದುದನ್ನು ಬೇರೆ ಡಿಸ್ಕಿಗೆ ತಿರುಗಿಸುತ್ತಾನೆ. ಆಮೇಲೆ ತನ್ನ ಫೋನಿನಲ್ಲಿ ಲೈವ್ ತೆರೆದು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾನೆ. ಬಸ್ಸು ಸೇತುವೆ ದಾಟುತ್ತದೆ, ತಿರುವು ತೆಗೆದುಕೊಳ್ಳುತ್ತದೆ. ಎಲ್ಲೂ ಕುಪ್ಪಳಿಸುವುದಿಲ್ಲ. ಪಾಕ್ ಸರ್ಪಾನ್ ಹಾರ್ನ್ ಹೊಡೆಯುತ್ತಾರೆ. ಒಳಗಿನಿಂದ ಹೆಂಡತಿ ಬೈಯುತ್ತಾರೆ.

ಇವನ ಬಗ್ಗೆ ಬರೆಯಲೇ ಎಂದು ನಾನು ಕೇಳಿದ್ದೆ. ನನ್ನನ್ನು 'ಮಾಸ್', ಅಂದರೆ ಅಣ್ಣ, ಎಂದು ಕರೆಯುವ ಅವನು ಹೇಳಿದ್ದು ಇಷ್ಟು: "ಬರೆಯೋದಾದ್ರೆ ಪೂರ್ತಿ ಬರೀರಿ ಮಾಸ್. ಒಳ್ಳೇದು ಮಾತ್ರ ಬರೆದ್ರೆ ನಮ್ಮ ಗಲ್ಲಿಯೋರು ಓದಿ ನಗ್ತಾರೆ."

ಆದ್ದರಿಂದ ಪೂರ್ತಿ ಬರೆಯುತ್ತಿದ್ದೇನೆ.

ಪಮುಜಿಯ ತಾಯಿ ಬು ಕಾಸ್ತಿ, ಅಂದರೆ ಕಾಸ್ತಿಯಮ್ಮ, ಬ್ರಾಂತಾಸ್ ನದಿಯ ಕಡೆಗಿಳಿಯುವ ಗಲ್ಲಿಯ ಬಾಯಲ್ಲಿ ಪೆಚೆಲ್ ಮಾರುತ್ತಾರೆ. ಬೇಯಿಸಿದ ಸೊಪ್ಪಿನ ಮೇಲೆ ಕಡಲೆಕಾಯಿ ಚಟ್ನಿ ಸುರಿದು, ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾರೆ. ತಂದೆ ಮಗನಿಗೆ ಬುದ್ಧಿ ಬರುವ ಮುಂಚೆಯೇ ತೀರಿಕೊಂಡರು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗ ಹೋಗುತ್ತಿದ್ದುದು ಗಲ್ಲಿಯ ಇಂಟರ್ನೆಟ್ ಅಂಗಡಿಗೆ. ಅಲ್ಲಿ ಅವನ ಕೈ ಚುರುಕೆಂದು ಎಲ್ಲರಿಗೂ ಗೊತ್ತಾಯಿತು. ಗುಂಡು ಹಾರಿಸುವ ಆಟದಲ್ಲಿ ಅವನನ್ನು ಸೋಲಿಸುವವರಿರಲಿಲ್ಲ. ಪಕ್ಕದ ಮನೆಯ ಇಮ್ರೋನ್ ಅವನ ಜೊತೆಗಾರ. ಇಬ್ಬರೂ ಸೇರಿ ಗಲ್ಲಿಯ ತಂಡ ಕಟ್ಟಿದರು, ಗೆಲ್ಲುತ್ತಾ ಹೋದರು. ಜಕಾರ್ತಾದ ಒಂದು ಕ್ಲಬ್ಬು ಇಮ್ರೋನ್‌ನನ್ನು ಕರೆಸಿಕೊಳ್ಳುವ ಮಾತಾಡಿತ್ತು. ನಗರದ ಪಂದ್ಯದ ಫೈನಲ್ ಒಂದು ಮುಗಿಯಲಿ ಎಂದು ಕಾಯುತ್ತಿದ್ದರು.

ಆ ಫೈನಲ್‌ನಲ್ಲಿ ಪಮುಜಿ ಕೊನೆಯ ಗುಂಡು ಹೊಡೆದ. ಗೆದ್ದ. ಜನ ಎದ್ದು ಕೂಗಿದರು. ಅಷ್ಟರಲ್ಲಿ ಎದುರು ತಂಡ ತಕರಾರು ತೆಗೆಯಿತು. ಪಮುಜಿಯ ಪರದೆಯ ರೆಕಾರ್ಡಿಂಗನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ಅದರಲ್ಲಿ ಅವನ ಬಂದೂಕು ಎಡಗಡೆ ಗೋಡೆಯ ಮೇಲಿತ್ತು. ಮರುಗಳಿಗೆ ಎದುರಾಳಿಯ ಹಣೆಯ ಮೇಲಿತ್ತು. ನಡುವೆ ಕೈ ಸರಿದದ್ದು ಕಾಣಲೇ ಇಲ್ಲ. ತಾನಾಗಿ ಗುರಿ ಹಿಡಿಯುವ ಕಳ್ಳ ಪ್ರೋಗ್ರಾಂ ಹಾಕಿಕೊಂಡವರ ವಿಡಿಯೊ ಹಾಗೇ ಕಾಣುತ್ತದೆ.

"ಮನುಷ್ಯನ ಕೈ ಹೀಗೆ ಹೋಗುತ್ತಾ ಅಂತ ಮೈಕಲ್ಲಿ ಕೇಳಿದ್ರು" ಎನ್ನುತ್ತಾನೆ ಪಮುಜಿ. "ನಾನೂ ನೋಡಿದೆ. ಹೋಗಲ್ಲ ಅಂತಲೇ ಅನ್ನಿಸ್ತು. ನನಗೇ ನನ್ನ ಮೇಲೆ ಅನುಮಾನ ಬಂತು ಮಾಸ್. ನಾನೇ ಹೊಡೆದದ್ದು, ಆದ್ರೂ ಅನುಮಾನ ಬಂತು."

ಕ್ಷಮೆ ಕೇಳಿದರೆ ಇಲ್ಲಿಗೇ ಬಿಡುತ್ತೇವೆ, ಇಲ್ಲದಿದ್ದರೆ ಮನೆಯವರನ್ನು ವೇದಿಕೆಗೆ ಕರೆಸುತ್ತೇವೆ ಎಂದರು ಪಂದ್ಯ ನಡೆಸುವವರು. ಬು ಕಾಸ್ತಿ ಸಭಾಂಗಣದ ಗೇಟಿನ ಹೊರಗೆ ಪೆಚೆಲ್ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಮಗ ಗೆದ್ದ ಎಂದು ಯಾರೋ ಹೇಳಿದ್ದರಿಂದ ಬಂದವರಿಗೆಲ್ಲ ಒಂದೊಂದು ಚಮಚ ಚಟ್ನಿ ಜಾಸ್ತಿ ಹಾಕುತ್ತಿದ್ದರಂತೆ.

ಪಮುಜಿ ತಲೆ ತಗ್ಗಿಸಿದ. ಎರಡೂ ಕೈ ಜೋಡಿಸಿ "ಕ್ಷಮಿಸಿ" ಎಂದ.

"ಅಮ್ಮನ ಮುಂದೆ ಆಗೋದು ಬೇಡ ಅಂತ ಅಂದುಬಿಟ್ಟೆ. ಒಂದು ಮಾತಿಗೆ ಎಲ್ಲ ಮುಗಿಯುತ್ತೆ ಅಂದ್ಕೊಂಡೆ. ಆ ಮಾತನ್ನೂ ರೆಕಾರ್ಡ್ ಮಾಡ್ತಿದ್ರು. ಅದೊಂದು ವಿಡಿಯೊ ಮಾತ್ರ ಎಲ್ಲೂ ನಿಲ್ಲದೆ, ಎಷ್ಟು ಚೆನ್ನಾಗಿ ಬಂದಿತ್ತು ಅಂತೀರಾ!"

ಆ ವಿಡಿಯೊ ಫೋನಿನಿಂದ ಫೋನಿಗೆ ಹೋಯಿತು. ಗಲ್ಲಿಯ ಹುಡುಗರು 'ಕ್ಷಮೆ ಪಮುಜಿ' ಎಂದು ಹೆಸರಿಟ್ಟರು. ಕೈ ಜೋಡಿಸಿ ತಲೆ ತಗ್ಗಿಸುವ ಆಟ ಆಡಿ ತೋರಿಸುತ್ತಿದ್ದರು. ಕಳಂಕ ಬಂದ ತಂಡದ ಹುಡುಗ ಬೇಡ ಎಂದು ಜಕಾರ್ತಾದವರು ಇಮ್ರೋನ್‌ನನ್ನು ಕೈಬಿಟ್ಟರು. ಇಮ್ರೋನ್ ಜಗಳ ಕೂಡ ಆಡಲಿಲ್ಲ. ಎದುರು ಸಿಕ್ಕಾಗ ದಾರಿ ಬದಲಿಸಿದ. ಹೆಂಗಸರೆಲ್ಲ ಸೇರಿ ನಡೆಸುವ ತಿಂಗಳ ಚೀಟಿಯ ಕೂಟಕ್ಕೆ ಬು ಕಾಸ್ತಿ ಹೋಗುವುದನ್ನು ನಿಲ್ಲಿಸಿದರು. "ಮೊಣಕಾಲು ನೋವು ಅಂದೆ" ಎಂದು ಅವರು ನನಗೆ ಹೇಳುತ್ತಾರೆ, ಬಾಳೆಲೆ ಒರೆಸುತ್ತಾ. "ಮೊಣಕಾಲು ಚೆನ್ನಾಗೇ ಇತ್ತು. ಅವರು ಕೇಳ್ತಿರಲಿಲ್ಲ, ಬಾಯಿ ಮುಚ್ಚಿಕೊಂಡಿರ್ತಿದ್ರು. ಅದೇ ತಡೆಯೋಕಾಗ್ತಿರಲಿಲ್ಲ."

ಪಮುಜಿ ಆಟ ಬಿಟ್ಟ. ನೂಡಲ್ಸ್ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊತ್ತ, ಆಮೇಲೆ ಕಂಪ್ಯೂಟರ್ ರಿಪೇರಿ ಅಂಗಡಿಗೆ ಸೇರಿದ. ಗಿರಾಕಿಗಳು ಬಂದರೆ ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದ. ಒಂದು ದಿನ ಯಾರದೋ ಯಂತ್ರದಲ್ಲಿ ಆಟದ ವಿಡಿಯೊ ತಡೆದು ತಡೆದು ಬರುತ್ತಿದೆ ಎಂದು ತಂದಿಟ್ಟರು. ಪರೀಕ್ಷೆಗೆಂದು ತಾನೇ ಕೂತು ಆಡಿದ, ರೆಕಾರ್ಡ್ ಮಾಡಿ ನೋಡಿದ. ಬಂದೂಕು ಗೋಡೆಯ ಮೇಲಿತ್ತು. ಮರುಗಳಿಗೆ ಹಣೆಯ ಮೇಲಿತ್ತು.

ಆಟ ಸರಿಯಾಗಿಯೇ ನಡೆದಿರುತ್ತದೆ. ಆಡುವವನ ಕಣ್ಣಿಗೆ ಎಲ್ಲ ಚಿತ್ರಗಳೂ ಕಾಣುತ್ತವೆ. ಆದರೆ ಯಂತ್ರಕ್ಕೆ ಹೊರೆ ಹೆಚ್ಚಾದಾಗ ರೆಕಾರ್ಡಿಂಗ್ ನಡುವಿನ ಚಿತ್ರಗಳನ್ನು ನುಂಗುತ್ತದೆ. ಕೈ ಸರಿದ ಗಳಿಗೆಯ ಚಿತ್ರಗಳೇ ಹೋದರೆ, ಉಳಿದದ್ದನ್ನು ನೋಡಿದವರಿಗೆ ಅದು ಮೋಸದ ಹಾಗೆ ಕಾಣುತ್ತದೆ.

"ಅವತ್ತು ಗೊತ್ತಾಯಿತು" ಎನ್ನುತ್ತಾನೆ. "ಗೊತ್ತಾಗಿ ಏನು ಬಂತು? ನಮ್ಮ ಪಂದ್ಯದ ಆ ರೆಕಾರ್ಡಿಂಗ್ ಅಷ್ಟೊತ್ತಿಗೆ ಯಾರ ಹತ್ರಾನೂ ಇರಲಿಲ್ಲ. ನಾನು ಕ್ಷಮೆ ಕೇಳಿದ್ದು ಮಾತ್ರ ಎಲ್ಲರ ಹತ್ರ ಇತ್ತು. ಮಾಡಿಲ್ಲ ಅಂತ ಈಗ ಹೇಳಿದ್ರೆ, ಮತ್ತೆ ಯಾಕೋ ಕ್ಷಮೆ ಕೇಳಿದೆ ಅಂತಾರೆ. ನನ್ನನ್ನ ಯಾರೂ ಹೊಡೆದಿರಲಿಲ್ಲ, ಬಡಿದಿರಲಿಲ್ಲ. ಸುಮ್ಮನೆ ಕೇಳಿದ್ರು, ನಾನು ಬಗ್ಗಿಬಿಟ್ಟೆ."

ಅಂಗಡಿ ಬಿಟ್ಟು ಮನೆಮನೆಗೆ ಹೋಗಿ ಈ ಒಂದೇ ರೋಗಕ್ಕೆ ಮದ್ದು ಮಾಡುವವನಾದದ್ದು ಆಮೇಲೆ. ಎಲ್ಲ ಮನೆಯಲ್ಲೂ ರೋಗದ ಕಾರಣ ಒಂದೇ ಅಲ್ಲ. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡಿ ಅದನ್ನು ಬೇಯಿಸುವವರಿದ್ದಾರೆ. ಒಂದು ಹೊಸ ಪರದೆ, ಒಂದು ಹಳೆಯ ಪರದೆ ಜೋಡಿಸಿ, ಎರಡರ ವೇಗ ಹೊಂದದೆ ಒದ್ದಾಡುವವರಿದ್ದಾರೆ. ಕೋಳಿ ಸಾಕುವ ಆಟವನ್ನು ಲೈವ್ ಬಿಡುವ ಒಬ್ಬ ಶಾಲಾ ಮೇಡಂ ತಿಂಗಳುಗಟ್ಟಲೆ ಇಂಟರ್ನೆಟ್ ಕಂಪನಿಯವರನ್ನು ಬೈದಿದ್ದರು. ಕೊನೆಗೆ ನೋಡಿದರೆ ಗಾಳಿ ಹೊರಹೋಗುವ ಬೆಚ್ಚನೆಯ ಕಿಂಡಿಗೆ ಒರಗಿ ಅವರ ಬೆಕ್ಕು ಮಲಗುತ್ತಿತ್ತು. "ಬೆಕ್ಕನ್ನ ಎಬ್ಬಿಸಿದ್ದಕ್ಕೆ ಮೇಡಂ ನನ್ನನ್ನೂ ಬೈದ್ರು" ಎಂದು ನಗುತ್ತಾನೆ. ನಾನು ಅವನ ಜೊತೆ ಸುತ್ತಿದ ದಿನಗಳಲ್ಲಿ ಅವನು ಬಾಯ್ತುಂಬ ನಕ್ಕದ್ದು ಅದೊಂದೇ ಸಲ. ಮಾಸ್ಕ್ ಮಾತ್ರ ಕೆಳಗಿಳಿಯಲಿಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಕಟ್ಟಿಕೊಂಡದ್ದು, ಎಲ್ಲರೂ ಬಿಚ್ಚಿದರೂ ಇವನು ಬಿಚ್ಚಲಿಲ್ಲ. ಜನರೆದುರು ಬಿಚ್ಚಿದ್ದು ಒಮ್ಮೆ ಮಾತ್ರ, ಕಳೆದ ರಂಜಾನ್‌ಗೆ ಮುಂಚಿನ ಒಂದು ಭಾನುವಾರ.

ಅಂದು ವಾರ್ಡಿನ ಸಭಾಭವನದಲ್ಲಿ ಯುವಕ ಸಂಘದವರ ಪಂದ್ಯ. ಲೈವ್ ನೋಡಿಕೊಳ್ಳಲು ಪಮುಜಿಯನ್ನು ಕರೆದಿದ್ದರು. ವೇದಿಕೆಯ ಬ್ಯಾನರಿನ ಹಿಂದೆ ಅವನ ಮೇಜು. ಪಂದ್ಯ ಶುರುವಾಗುವ ಮುಂಚೆ ಸಂಘದವರು ಬಂದು, ಆಡುವವರ ಮುಖವೂ ಕಾಣಲಿ, ಅದೇ ಯಂತ್ರಗಳಿಗೆ ಕ್ಯಾಮೆರಾನೂ ಸೇರಿಸಿಬಿಡು ಎಂದರು. ಆ ಯಂತ್ರಗಳಿಗೆ ಅಷ್ಟು ತಾಕತ್ತಿಲ್ಲ ಎಂದು ಪಮುಜಿಗೆ ಗೊತ್ತಿತ್ತು.

"ಆಗಲ್ಲ ಅನ್ನಬೇಕಿತ್ತು. ಅನ್ನೋಕೆ ನಾಚಿಕೆ. ನೋಡೋಣ ಅಂದೆ."

ಮಧ್ಯಾಹ್ನದ ಪಂದ್ಯದಲ್ಲಿ ತ್ಯಾಸ್ ಆಡುತ್ತಿದ್ದಳು. ಆಗಷ್ಟೇ ಹೈಸ್ಕೂಲು ಮುಗಿಸಿದ, ಹಳದಿ ಹಿಜಾಬಿನ ಹುಡುಗಿ. ರೆಕಾರ್ಡಿಂಗ್ ನುಂಗಿದ ಚಿತ್ರಗಳ ಲೆಕ್ಕವನ್ನು ಪರದೆಯ ಕೆಳಮೂಲೆಯಲ್ಲಿ ಒಂದು ಅಂಕಿ ತೋರಿಸುತ್ತಿರುತ್ತದೆ. ತ್ಯಾಸಳ ಯಂತ್ರದ ಆ ಅಂಕಿ ಏರುತ್ತಿರುವುದನ್ನು ಪಮುಜಿ ನೋಡಿದ. ಹೇಳಬೇಕೆಂದರೆ ಪಂದ್ಯ ನಿಲ್ಲಿಸಬೇಕು. ಪಂದ್ಯ ನಿಲ್ಲಿಸಬೇಕೆಂದರೆ ಬ್ಯಾನರಿನ ಮುಂದೆ ಬರಬೇಕು. ಅವನು ಕದಲಲಿಲ್ಲ. ಇನ್ನೇನು ಮುಗಿಯುತ್ತದಲ್ಲ ಎಂದುಕೊಂಡ.

ತ್ಯಾಸ್ ಕೊನೆಯ ಗುಂಡು ಹೊಡೆದಳು. ಗೆದ್ದಳು. ದೊಡ್ಡ ಪರದೆಯ ಮೇಲೆ ಅದನ್ನೇ ಮತ್ತೆ ಹಾಕಿದಾಗ ಬಂದೂಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಗರಿತು. ಸಭಾಂಗಣದ ಹಿಂದಿನಿಂದ "ಮೋಸ! ಮೋಸ!" ಎಂಬ ಕೂಗು ಎದ್ದಿತು.

ತೀರ್ಪುಗಾರ ಪಾಕ್ ಹಂದೋಕೊ ಕೆಟ್ಟವರಲ್ಲ. ಮೆತ್ತಗೆ ಕೇಳಿದರು. "ಮಗಳೇ, ಏನು ನಡೀತು, ಹೇಳಿಬಿಡು."

"ಹೊಡೆದೆ ಪಾಕ್. ಅಷ್ಟೇ ನಡೆದದ್ದು."

"ಈ ವಿಡಿಯೊ ನೋಡಿದ್ಯಲ್ಲ?"

"ನೋಡಿದೆ. ನಾನು ಹೊಡೆದದ್ದು ಹಾಗಲ್ಲ."

ಬ್ಯಾನರಿನ ಹಿಂದೆ ಪಮುಜಿ ಎದ್ದು ನಿಂತ. ಮುಂದಿನದನ್ನು ಅವನ ಬಾಯಲ್ಲೇ ಕೇಳಬೇಕು. "ಸುಳ್ಳು ಹೇಳಲ್ಲ ಮಾಸ್. ಕಾಲು ಹಿಂಬಾಗಿಲ ಕಡೆಗೇ ಹೋಯಿತು. ಚಪ್ಪಲಿನೂ ಹಾಕ್ಕೊಂಡಿದ್ದೆ. ಬ್ಯಾಗನ್ನ ಆಮೇಲೆ ತರಿಸ್ಕೊಂಡ್ರಾಯ್ತು ಅಂತ ಕೂಡ ಯೋಚಿಸಿದ್ದೆ. ಅಷ್ಟರಲ್ಲಿ ಮೈಕಲ್ಲಿ ಯಾರೋ, 'ಕ್ಷಮೆ ಕೇಳಿಬಿಡಮ್ಮ, ಇಲ್ಲಿಗೇ ಮುಗಿಸೋಣ' ಅಂದ್ರು. ಆ ಮಾತು ಕಿವಿಗೆ ಬಿತ್ತು. ಅವಳೂ ಅಂದುಬಿಡ್ತಾಳೆ ಅಂತ ಭಯ ಆಯ್ತು."

ಚಪ್ಪಲಿ ಕಾಲಲ್ಲೇ ವೇದಿಕೆಗೆ ಬಂದ. "ಹುಡುಗೀದಲ್ಲ, ನನ್ನ ತಪ್ಪು" ಎಂದ. ಯಾರಿಗೂ ಕೇಳಿಸಲಿಲ್ಲ. ಜೋರಾಗಿ ಹೇಳು ಎಂದರು. ಮಾಸ್ಕ್ ತೆಗೆದು ಇನ್ನೊಮ್ಮೆ ಹೇಳಿದ. ಮುಖ ಕಂಡದ್ದೇ ತಡ, ಮುಂದಿನ ಸಾಲಿನಿಂದ ಒಬ್ಬ ಎದ್ದು ಕೂಗಿದ. "ಏ, ಇವನು ಕ್ಷಮೆ ಪಮುಜಿ ಅಲ್ವೇನ್ರೋ!"

ಸಭಾಂಗಣ ನಗೆಯಿಂದ ತುಂಬಿತು. "ಮೋಸಗಾರ್ತಿ ಪರವಾಗಿ ಮೋಸಗಾರನೇ ವಕೀಲ!" ಎಂದ ಇನ್ನೊಬ್ಬ. ಕೆಲವರು ಕೈ ಜೋಡಿಸಿ ತಲೆ ತಗ್ಗಿಸಿ ತೋರಿಸಿದರು. ಆ ಹಳೆಯ ಫೈನಲ್ ನಡೆದಾಗ ಹುಟ್ಟಿಯೂ ಇರದಿದ್ದ ಮಕ್ಕಳು ಸಹ ಅದನ್ನು ಕಲಿತಿದ್ದರು.

ಪಮುಜಿ ಪಾಕ್ ಹಂದೋಕೊ ಅವರ ಕಡೆ ತಿರುಗಿ, "ಪಾಕ್, ನೀವೇ ಒಂದು ಸಲ ಇವಳ ಕುರ್ಚಿಯಲ್ಲಿ ಕೂತು ಆಡಿ" ಎಂದ. ಅವರು ಫೋನಿನಲ್ಲಿ ಇಸ್ಪೀಟು ಬಿಟ್ಟರೆ ಬೇರೇನೂ ಆಡಿದವರಲ್ಲ. ಆದರೂ ಕೂತರು. ಬಂದೂಕನ್ನು ಅತ್ತ ಇತ್ತ ತಿರುಗಿಸಿದರು, ಗೋಡೆಗೆ ಗುಂಡು ಹೊಡೆದರು. ಅದರ ರೆಕಾರ್ಡಿಂಗ್ ದೊಡ್ಡ ಪರದೆಗೆ ಬಂತು. ಅವರ ಬಂದೂಕೂ ಹಾಗೇ ಎಗರುತ್ತಿತ್ತು. "ಪಾಕ್ ಹಂದೋಕೊ ಕೂಡ ಮೋಸ ಮಾಡ್ತಾರೆ!" ಎಂದು ಒಬ್ಬಳು ಕೂಗಿದಳು. ಈ ಸಲದ ನಗು ಬೇರೆ ಥರದ್ದಾಗಿತ್ತು. ಪಾಕ್ ಹಂದೋಕೊ ತಾವೂ ನಕ್ಕರು.

ಅಲ್ಲಿಗೇ ನಿಲ್ಲಿಸಿದ್ದರೆ ಪಮುಜಿ ಅಂದಿನ ನಾಯಕನಾಗಿ ಮನೆಗೆ ಹೋಗುತ್ತಿದ್ದನೇನೋ. ಅವನು ನಿಲ್ಲಿಸಲಿಲ್ಲ. ಕ್ಯಾಮೆರಾ ಸೇರಿಸಿದ್ದು ತಾನು ಎಂದ. ಯಂತ್ರಕ್ಕೆ ಹೊರೆಯಾಗುತ್ತದೆಂದು ಗೊತ್ತಿದ್ದೂ ಸೇರಿಸಿದೆ ಎಂದ. ಪಂದ್ಯದ ನಡುವೆಯೇ ಅಂಕಿ ಏರುವುದನ್ನು ನೋಡಿದೆ, ನೋಡಿಯೂ ಬಾಯಿ ಬಿಡಲಿಲ್ಲ ಎಂದ. ತ್ಯಾಸಳ ಎದುರು ಹೋಗಿ ನಿಂತು ಕ್ಷಮೆ ಕೇಳಿದ.

ತ್ಯಾಸ್ ಅವನನ್ನು ದುರುಗುಟ್ಟಿ ನೋಡಿದಳು. "ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಅದಕ್ಕೆ ಏನು ಹೇಳಲಿ ಮಾಸ್?" ಎಂದು ನನ್ನನ್ನು ಕೇಳುತ್ತಾನೆ. "ಹಿಂದಿನ ಸಲ ಮಾಡದ ತಪ್ಪಿಗೆ ಕೇಳಿದ್ದೆ. ಈ ಸಲ ನಿಜವಾಗ್ಲೂ ಮಾಡಿದ್ದೆ. ಯಾವುದು ಜಾಸ್ತಿ ನಾಚಿಕೆ ಅಂದ್ರೆ, ಇದೇ. ನನಗೆ ಆದದ್ದನ್ನೇ ಇನ್ನೊಬ್ಬಳಿಗೆ ಆಗೋಕೆ ಬಿಟ್ಟಿದ್ದೆ, ನೋಡ್ತಾ ಕೂತು."

ಕ್ಯಾಮೆರಾ ಕಳಚಿ ಪಂದ್ಯವನ್ನು ಮತ್ತೆ ಆಡಿಸಿದರು. ತ್ಯಾಸ್ ಸೋತಳು. ನಾನು ಅವಳನ್ನೂ ಕಂಡು ಮಾತಾಡಿಸಿದೆ. ಹಣ್ಣಿನ ಅಂಗಡಿಯಲ್ಲಿ ಸೇಬು ಜೋಡಿಸುತ್ತಾ ಹೇಳಿದಳು. "ಮೊದಲ ಸಲ ಗೆದ್ದಿದ್ದೆ ನಾನು. ಎರಡನೇ ಸಲ ಗುರಿ ತಪ್ಪಿತು. ಮಾಸ್ ಪಮುಜಿ ಮೇಲೆ ಈಗ್ಲೂ ಸಿಟ್ಟಿದೆ, ಹಾಗೇ ಬರೀರಿ. ಆದ್ರೆ ನನ್ನನ್ನ ಯಾರೂ ಮೋಸಗಾರ್ತಿ ಅನ್ನಲ್ಲ. ಅದು ಅವರಿಂದಲೇ. ಅದನ್ನೂ ಬರೀರಿ."

ಯುವಕ ಸಂಘದವರು ಪಮುಜಿಯನ್ನು ಮತ್ತೆ ಕರೆದಿಲ್ಲ. ಕರೆಯದಿರುವುದು ಸರಿ ಎಂದೇ ಅವನು ಹೇಳುತ್ತಾನೆ. ಮನೆಗಳ ಕೆಲಸ ಕಡಿಮೆಯಾಗಿಲ್ಲ. ಒಂದು ಬದಲಾವಣೆ ಮಾತ್ರ ಆಗಿದೆ. ಗಿರಾಕಿ ಇನ್ನೂ ಒಂದು ಕ್ಯಾಮೆರಾ ಸೇರಿಸು, ಇನ್ನೂ ಸ್ಪಷ್ಟ ಬರುವ ಹಾಗೆ ಮಾಡು ಎಂದಾಗ, ಕೆಳಗೆ ನೋಡುತ್ತಲೇ "ಆಗಲ್ಲ" ಎನ್ನುತ್ತಾನೆ. ಆ ಒಂದು ಮಾತು ಹೇಳುವಾಗ ಕಿವಿ ಕೆಂಪಾಗುತ್ತದೆ. ಆದರೂ ಹೇಳುತ್ತಾನೆ.

ಪಂದ್ಯ ಮುಗಿದ ಕೆಲವು ದಿನಗಳಿಗೆ ಇಮ್ರೋನ್ ಬೈಕ್ ನಿಲ್ಲಿಸಿ ಬು ಕಾಸ್ತಿಯ ಬೆಂಚಿನ ಮೇಲೆ ಬಂದು ಕೂತ. ಈಗ ಅವನು ಬೈಕ್ ಟ್ಯಾಕ್ಸಿ ಓಡಿಸುತ್ತಾನೆ, ಸೊಂಟ ದಪ್ಪಗಾಗಿದೆ. ಸಭಾಭವನದ ವಿಡಿಯೊ ಅವನ ಫೋನಿಗೂ ಬಂದಿತ್ತು. ಪಮುಜಿ ನೀರು ತುಂಬಿದ ಬಕೆಟ್ ಹಿಡಿದು ಬಂದವನು ಅವನನ್ನು ನೋಡಿ ಹಾಗೇ ನಿಂತ.

"ಅವತ್ತು ನಾನು ನಿನ್ನ ಪಕ್ಕದ ಕುರ್ಚಿಲಿದ್ದೆ" ಎಂದನಂತೆ ಇಮ್ರೋನ್, ತಟ್ಟೆ ನೋಡುತ್ತಾ. "ನಿನ್ನ ಪರದೆ ನನಗೆ ಕಾಣ್ತಿತ್ತು. ನೀನು ಸರಿಯಾಗೇ ಹೊಡೆದೆ. ನಾನು ಹೇಳಬಹುದಿತ್ತು."

"ಮತ್ಯಾಕೆ ಹೇಳಲಿಲ್ಲ?"

"ನೀನು ಕ್ಷಮೆ ಕೇಳಿಬಿಟ್ಟೆಯಲ್ಲೋ! ನೀನೇ ಒಪ್ಕೊಂಡ ಮೇಲೆ ನಾನೇನು ಹೇಳಲಿ ಅಂದ್ಕೊಂಡೆ." ತಟ್ಟೆಯನ್ನು ಬೆಂಚಿನ ಮೇಲಿಟ್ಟು ಮತ್ತೆ ಹೇಳಿದ. "ಅದೂ ಸುಳ್ಳೇ. ಜಕಾರ್ತಾದೋರು ಅಲ್ಲೇ ಕೂತಿದ್ರು. ನಿನ್ನ ಜೊತೆ ಸೇರಿಸಿ ನನ್ನನ್ನೂ ನೋಡ್ತಾರೆ ಅಂತ ಹೆದರಿದೆ."

ಪಮುಜಿ ಬಕೆಟ್ ಕೆಳಗಿಟ್ಟು, ತಾನೂ ಒಂದು ತಟ್ಟೆ ಹಿಡಿದು ಪಕ್ಕದಲ್ಲಿ ಕೂತ. ಬು ಕಾಸ್ತಿ ಇಬ್ಬರ ತಟ್ಟೆಗೂ ಒಂದೊಂದು ಮೊಟ್ಟೆ ಹಾಕಿದರು. "ತಿನ್ರೋ, ಆರಿಹೋಗುತ್ತೆ" ಎಂದರು. ಇಮ್ರೋನ್ ಅಳುತ್ತಲೇ ತಿಂದ, ಖಾರ ಜಾಸ್ತಿಯಾಯಿತು ಎಂದು ನೆಪ ಹೇಳಿದ. ಈಗ ವಾರಕ್ಕೊಮ್ಮೆ ಬರುತ್ತಾನೆ. ಹಳೆಯದನ್ನು ಇಬ್ಬರೂ ಎತ್ತುವುದಿಲ್ಲ.

ಕೊನೆಯ ದಿನ ಪೇಟೆಯ ದಾರಿಯಲ್ಲಿ ಪಮುಜಿಯ ಜೊತೆ ನಡೆಯುತ್ತಿದ್ದೇನೆ. ಸಭಾಭವನದ ಗೋಡೆಗೆ ಮುಂದಿನ ತಿಂಗಳ ಪಂದ್ಯದ ಪೋಸ್ಟರ್ ಅಂಟಿಸಿದ್ದಾರೆ. ಅವನು ನಿಂತು ಓದುತ್ತಾನೆ. ಮತ್ತೆ ಆಡಬೇಕು ಅನ್ನಿಸುತ್ತದೆಯೇ ಎಂದು ಕೇಳುತ್ತೇನೆ.

"ಅಯ್ಯೋ, ಇಲ್ಲ ಮಾಸ್. ಕೈ ಎಲ್ಲಿ ಬರುತ್ತೆ ಈಗ." ಪೋಸ್ಟರಿನ ಕಿತ್ತುಬಂದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸುತ್ತಾನೆ. "ನೋಡಬೇಕು ಅಂತ ಆಸೆ ಇದೆ. ಇಷ್ಟು ವರ್ಷದಲ್ಲಿ ಒಂದು ಪಂದ್ಯಾನೂ ಪೂರ್ತಿ ನೋಡಿಲ್ಲ, ಬರೀ ಅಂಕಿ ನೋಡಿದ್ದೀನಿ. ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಿಡಿದು, ಕೈಲಿ ಹುರಿದ ಕಡಲೆಕಾಯಿ ಇಟ್ಕೊಂಡು, ಮೊದಲಿಂದ ಕೊನೆವರೆಗೂ ಸುಮ್ಮನೆ ನೋಡಬೇಕು."

ನಾಲ್ಕು ಹೆಜ್ಜೆ ಮುಂದೆ ಹೋದವನು ತಿರುಗಿ ನಿಲ್ಲುತ್ತಾನೆ.

"ಮುಂದಿನ ಸಾಲು ಅಂತ ಬರ್ಕೊಂಡ್ರಾ? ಬೇಡ, ಹೊಡೆದುಹಾಕಿ. ಮಧ್ಯದ ಸಾಲು ಸಾಕು."